ಸುಲಿದ ಹೊಲ

ತಂಗಿಯ ಬಾಣಂತನಕ್ಕೆಂದು ತಂತಾ ಪಟ್ಟಣಕ್ಕೆ ಹೋಗಿದ್ದ ನಫೂಸಾ ಊರಿಗೆ ಮರಳಿದಾಗ, ಅವಳ ಹೊಲ ಸೊಂಟದಾಳಕ್ಕೆ ಇಳಿದುಹೋಗಿತ್ತು. ಹೊಲ ಅವಳದೂ ಮೈದುನ ಶಹಾತಾನದೂ ಜಂಟಿ. ಗಂಡ ಸತ್ತ ಮೇಲೆ ಉತ್ತು ಬಿತ್ತುತ್ತಿದ್ದವಳು ಅವಳೊಬ್ಬಳೇ. ಅವಳಿಲ್ಲದ ಹೊತ್ತು ನೋಡಿ ಶಹಾತಾ ಮೇಲ್ಮಣ್ಣನ್ನೆಲ್ಲ ಇಟ್ಟಿಗೆ ಭಟ್ಟಿಗೆ ಮಾರಿದ್ದ. ನೈಲ್ ನದಿ ಯುಗಯುಗ ಹೊತ್ತು ತಂದು ಹಾಸಿದ ಕಪ್ಪು ಮಣ್ಣು! ಅಣೆಕಟ್ಟು ಕಟ್ಟಿದ ಮೇಲೆ ನದಿ ಹಿಡಿ ಮಣ್ಣನ್ನೂ ತರುವುದಿಲ್ಲವೆಂದು ನಮ್ಮೂರ ಕೂಸಿಗೂ ಗೊತ್ತು. ಗೊತ್ತಿದ್ದೂ ಮಾರಿದರು, ಅವನೊಬ್ಬನೇ ಅಲ್ಲ.

ಕಾಲುವೆ ಬದಿಯ ಒಂದು ಪಟ್ಟಿ ಮಾತ್ರ ಉಳಿದಿತ್ತು. ಅಗೆಯುವ ಯಂತ್ರ ಅತ್ತ ತಿರುಗುತ್ತಿತ್ತು. ನಫೂಸಾ ಕೈಲಿದ್ದ ಗಂಟನ್ನು ಬಿಸಾಡಿ ಓಡಿ, ಅದರ ಮಣ್ಣು ಬಾಚುವ ಬಾಯೊಳಗೇ ಹತ್ತಿ ಕೂತಳು.

"ಇಳಿ ಅತ್ತಿಗೆ, ಮನೆ ಮಾನ ಕಳೀಬೇಡ," ಎಂದ ಶಹಾತಾ. "ಮಣ್ಣು ಅಂದ್ರೆ ಮಣ್ಣು. ಕೆಳಗೂ ಅದೇ ಐತೆ. ಎರಡು ಚೀಲ ಗೊಬ್ಬರ ಚೆಲ್ಲಿದ್ರಾಯ್ತು."

"ನಿನ್ನ ಚರ್ಮ ಸುಲಿದು ಮೇಲೆ ಉಪ್ಪು ಚೆಲ್ತೀನಿ ಬಾರೋ! ಹೊಸದು ಬರ್ತದಾ ನೋಡೋಣ!"

ಯಂತ್ರದವನು ನಕ್ಕ. ಆಮೇಲೆ ನಮ್ಮ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಅವಳ ಸುತ್ತ ಕೂತರು. ಅವನ ನಗು ನಿಂತಿತು. ಸಂಜೆಗೆ ಯಂತ್ರ ಬಂದ ದಾರಿ ಹಿಡಿಯಿತು. ಪಂಚರು ಸೇರಿ ಹೊಲವನ್ನು ಭಾಗ ಮಾಡಿ, ಆ ಪಟ್ಟಿಯನ್ನೂ ಮಣ್ಣು ತೆಗೆದ ಕುಣಿಯ ಅರ್ಧವನ್ನೂ ಅವಳಿಗೆ ಬಿಟ್ಟರು.

ಕುಣಿಯಲ್ಲಿ ನೀರು ಇಂಗದೆ ನಿಂತಿತು. ಒಣಗಿದಾಗ ಉಪ್ಪು ಬೆಳ್ಳಗೆ ಉಕ್ಕಿತು. ಜೋಳ ಮೊಣಕಾಲೆತ್ತರಕ್ಕೇ ಹಳದಿಯಾಯಿತು. ಉಳುವಾಗ ಹುಳ ಹೆಕ್ಕಲು ಬೆನ್ನಟ್ಟಿ ಬರುತ್ತಿದ್ದ ಬೆಳ್ಳಕ್ಕಿಗಳು ನಾಲ್ಕು ಹೆಜ್ಜೆ ನಡೆದು, ಏನೂ ಸಿಗದೆ ಹಾರಿಹೋದವು. ನಫೂಸಾ ಹೆಂಟೆ ಒಡೆದು ನೋಡಿದಳು. ಒಂದು ಎರೆಹುಳುವಿಲ್ಲ, ಒಂದು ಇರುವೆಯಿಲ್ಲ.

ಅಂದಿನಿಂದ ಎಮ್ಮೆ ಸಗಣಿ ಹೊತ್ತಳು. ಚಳಿಗಾಲದಲ್ಲಿ ಬೆರ್ಸೀಮ್ ಮೇವು ಬಿತ್ತಿ, ಎಮ್ಮೆಗೆ ಅರ್ಧ ಹಾಕಿ, ಉಳಿದರ್ಧವನ್ನು ಮಣ್ಣಿಗೇ ಉತ್ತಳು. ಉಳಿದ ಪಟ್ಟಿಯಿಂದ ಹುಳವಿದ್ದ ಮಣ್ಣನ್ನು ಬುಟ್ಟಿಯಲ್ಲಿ ತಂದು ಸುರಿದಳು, ಬುಟ್ಟಿಗೊಂದು ಬೈಗುಳ ಶಹಾತಾನಿಗೆ.

"ಹುಳದ ಸೂಲಗಿತ್ತಿ ಬಂದಳು, ದಾರಿ ಬಿಡ್ರೋ!" ಎಂದು ಗಂಡಸರು ಕಿಚಾಯಿಸಿದರೆ, "ನಿಮ್ಮಂಥ ಹುಳಕ್ಕೆ ಸೂಲಗಿತ್ತಿ ಆದವಳ ಕೈ ಮುರೀಲಿ!" ಎನ್ನುವಳು.

ವರ್ಷಗಳು ಉರುಳಿದ ಮೇಲೆ ಕುಣಿಯ ಒಂದು ಮೂಲೆ ಮಾತ್ರ ಮೆತ್ತಗಾಯಿತು, ಮಿಕ್ಕದ್ದು ಇವತ್ತಿಗೂ ಬೆಳ್ಳಗಿದೆ. ಶಹಾತಾನ ಪಾಲಿನಲ್ಲಿ ಊರ ಕೊಚ್ಚೆ ನಿಂತಿದೆ.

ಶಹಾತಾ ಕೆಂಪಿಟ್ಟಿಗೆಯ ಮನೆ ಕಟ್ಟಿಸಿದ. ಅಂಗಳದಲ್ಲಿ ನೆಟ್ಟ ನಿಂಬೆಗಿಡ ಬೇರು ಹಿಡಿಯಲಿಲ್ಲ. ಅವನ ಹೆಂಡತಿ ಬುಟ್ಟಿ ಹಿಡಿದು ನಫೂಸಾಳ ಹೊಲಕ್ಕೆ ಬಂದಳು.

"ಅಕ್ಕಾ, ಒಂದು ಬುಟ್ಟಿ ಮಣ್ಣು..."

ನಫೂಸಾ ಕುಡುಗೋಲು ಕೆಳಗಿಡಲಿಲ್ಲ. "ನಿನ್ನ ಗಂಡನಿಗೆ ಹೇಳು, ಗೋಡೆ ಅರೆದು ಹಾಕ್ಕೊಳ್ಳಲಿ. ಅದೂ ನನ್ನ ಮಣ್ಣೇ."

ಆ ಹೆಂಗಸು ಅಳುತ್ತ ಹೋದಳು. ಪಾಪ, ಅವಳದೇನು ತಪ್ಪು ಎಂದು ಪಕ್ಕದಲ್ಲೇ ಇದ್ದ ನಾನೆಂದೆ. ನಫೂಸಾ ಬಗ್ಗಿ ಮತ್ತೆ ಮೇವು ಕೊಯ್ಯತೊಡಗಿದಳು.