ಹನ್ನೆರಡು ಫ್ರೇಮಿನ ಬೋರರ್

ನಾಲ್ಕು ವರ್ಷದ ಹಿಂದೆ, ರೊಬಸ್ಟಾ ಕಾಫಿ ಹಣ್ಣಾಗುವ ಹೊತ್ತಿಗೆ, ಹುದಿಕೇರಿ ಬಳಿಯ ಒಂದು ದೊಡ್ಡ ಎಸ್ಟೇಟಿಗೆ ಕೀಟಗಳ ಫೋಟೋ ತೆಗೆದುಕೊಡುವ ಕೆಲಸ ಒಪ್ಪಿಕೊಂಡಿದ್ದೆ. ಕಾಫಿ ಹಣ್ಣು ಕೊರೆದು ಒಳಗಿನ ಬೀಜ ತಿನ್ನುವ ಬೋರರ್ ಎಳ್ಳಿಗಿಂತ ಚಿಕ್ಕದು. ಅಷ್ಟು ಹತ್ತಿರದಿಂದ ತೆಗೆದರೆ ಹಣ್ಣಿನ ಒಂದು ಗೆರೆಯಷ್ಟೇ ಸ್ಪಷ್ಟ, ಉಳಿದದ್ದೆಲ್ಲ ಮಸುಕು. ಹಾಗಾಗಿ ಫೋಕಸ್ ಸ್ಟ್ಯಾಕಿಂಗ್ ಬಳಸುತ್ತಿದ್ದೆ. ಕ್ಯಾಮೆರಾ ತಾನೇ ಫೋಕಸನ್ನು ಸ್ವಲ್ಪಸ್ವಲ್ಪ ಹಿಂದಕ್ಕೆ ಸರಿಸುತ್ತ ಹನ್ನೆರಡು ಫ್ರೇಮ್ ತೆಗೆದು, ಪ್ರತಿಯೊಂದರ ಸ್ಪಷ್ಟ ಭಾಗವನ್ನಷ್ಟೇ ಆರಿಸಿ ಒಂದು ಚಿತ್ರವಾಗಿ ಬೆಸೆಯುತ್ತದೆ.

ಒಂದು ಚಿತ್ರ ಅದ್ಭುತವಾಗಿ ಬಂತು. ಒಂದೇ ಹಣ್ಣಿನ ಮೇಲೆ ನಾಲ್ಕು ಬೋರರ್, ಮೈಮೇಲಿನ ರೋಮ ಎಣಿಸಬಹುದು. ಹೆಮ್ಮೆಯಿಂದ ಮ್ಯಾನೇಜರಿಗೆ ಕಳಿಸಿದೆ.

ಮೂರನೇ ದಿನ ಎಸ್ಟೇಟಿನ ಆಫೀಸಿಗೆ ಹೋದಾಗ ಮ್ಯಾನೇಜರ ಮೇಜಿನ ಮೇಲೆ ಅದೇ ಚಿತ್ರದ ಪ್ರಿಂಟು. ಎದುರಿಗೆ ರೈಟರ್ ಶಿವಣ್ಣ ನಿಂತಿದ್ದರು. ಆಳುಗಳ ಉಸ್ತುವಾರಿ ಅವರದು. ಕುಶಾಲನಗರದ ಕಡೆಯವರು, ಸಂಸಾರ ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ. ಉದುರಿದ ಹಣ್ಣನ್ನು ಹೆಕ್ಕಿಸದೆ ಬಿಟ್ಟರೆ ಬೋರರ್ ಅದರಲ್ಲೇ ಉಳಿದು ಹೆಚ್ಚುತ್ತದೆ; ಹೆಕ್ಕಿಸುವುದು ಅವರ ಕೆಲಸ.

"ಹೆಕ್ಸಿದ್ದೀನಿ ಅಂತ ಬರ್ದಿದ್ದೀಯಲ್ಲ, ಒಂದು ಹಣ್ಣಿಗೆ ನಾಲ್ಕು ಎಲ್ಲಿಂದ ಬಂತು?" ಎಂದರು ಮ್ಯಾನೇಜರ್.

"ಗಿಡಗಿಡದ ಬುಡದಲ್ಲೂ ನಾನೇ ನಿಂತು ಹೆಕ್ಸಿದ್ದೀನಿ ಸಾರ್."

"ಕ್ಯಾಮೆರಾ ಸುಳ್ಳು ಹೇಳ್ತದಾ? ತಿಂಗ್ಳ ಕೊನೆಗೆ ಕ್ವಾರ್ಟರ್ಸ್ ಖಾಲಿ ಮಾಡು."

ಪ್ರಿಂಟನ್ನು ಆಗ ಸರಿಯಾಗಿ ನೋಡಿದೆ. ನಾಲ್ಕೂ ಒಂದೇ ಸಾಲಿನಲ್ಲಿದ್ದವು. ನಾಲ್ಕರ ಬೆನ್ನ ಮೇಲೂ ಒಂದೇ ಜಾಗದಲ್ಲಿ ಅದೇ ಬಿಳಿ ಧೂಳಿನ ಚುಕ್ಕಿ! ಫ್ಲ್ಯಾಶ್ ಚಾರ್ಜ್ ಆಗಲೆಂದು ಫ್ರೇಮಿನಿಂದ ಫ್ರೇಮಿಗೆ ಎರಡು ಸೆಕೆಂಡು ಬಿಟ್ಟಿದ್ದೆ. ಆ ಬಿಡುವಿನಲ್ಲಿ ಹುಳ ನಡೆದಿತ್ತು, ಬೆಸೆದ ಚಿತ್ರದಲ್ಲಿ ನಾಲ್ಕು ಕಡೆ ಉಳಿದಿತ್ತು. ಕಾರ್ಡಿನಲ್ಲಿ ಹನ್ನೆರಡೂ ಮೂಲ ಫ್ರೇಮುಗಳಿದ್ದವು. ಪ್ರತಿಯೊಂದರಲ್ಲೂ ಬೋರರ್ ಒಂದೇ.

ತೋರಿಸಿದೆ. "ಫೋಟೋ ಹೆಡ್ ಆಫೀಸಿಗೆ ಹೋಗಿಯಾಯ್ತಲ್ರೀ. ಈಗ ಒಂದೇ ಅಂದ್ರೆ ನನ್ನ ನೋಡಿ ನಗ್ತಾರೆ," ಎಂದರು ಮ್ಯಾನೇಜರ್.

ಶಿವಣ್ಣ ನನ್ನ ಕಡೆ ತಿರುಗಿದರು. "ನನ್ನದೂ ಹಂಗೇ ಒಂದು ಫೋಟೋ ಹೊಡೀರಿ ಸಾರ್. ನಾಲ್ಕು ಜನ ರೈಟರ್ ಆಗ್ತೀನಿ. ಒಬ್ಬನ್ನ ಕಳಿಸಿದ್ರೂ ಮೂರು ಜನ ಮನೇಲಿರ್ತೀವಿ."

ಮೈ ಉರಿದುಹೋಯಿತು. ಒಂದು ಸಂಸಾರ ಬೀದಿಗೆ ಬೀಳುವುದಕ್ಕಿಂತ ಈ ಮನುಷ್ಯನಿಗೆ ಹೆಡ್ ಆಫೀಸಿನವರ ನಗು ದೊಡ್ಡದಾಗಿತ್ತು! ಅಂದೇ ವಿರಾಜಪೇಟೆಗೆ ಬಂದು ಹನ್ನೆರಡು ಫ್ರೇಮನ್ನೂ ನಾನೇ ಹೆಡ್ ಆಫೀಸಿಗೆ ಕಳಿಸಿದೆ. ಶಿವಣ್ಣನವರ ಕೆಲಸ ಉಳಿಯಿತು. ಆದರೆ ಅವರನ್ನು ಕೇರಳ ಗಡಿಯ ಕುಟ್ಟ ಊರಿನ ತೋಟಕ್ಕೆ ಹಾಕಿದರು, ತಪ್ಪು ಮಾಡಿದವರನ್ನು ಹಾಕುವ ಹಾಗೆ. ತಪ್ಪಾಯಿತೆಂದು ಯಾರೂ ಹೇಳಲಿಲ್ಲ. ನಾಲ್ಕು ಬೋರರಿನ ಚಿತ್ರ ಈಗಲೂ ಎಸ್ಟೇಟಿನ ಆ ಆಫೀಸಿನ ಗೋಡೆಯ ಮೇಲಿದೆ.

ಅಂದಿನಿಂದ ಬೆಸೆದ ಚಿತ್ರವನ್ನು ಮೂಲ ಫ್ರೇಮುಗಳಿಲ್ಲದೆ ಯಾರಿಗೂ ಕೊಟ್ಟಿಲ್ಲ. ಈ ಕಥೆಗೂ ಅದೇ ನಿಯಮ. ಸ್ನೇಹಿತರಿಗೆ ಹೇಳುವಾಗಲೆಲ್ಲ ಚುಕ್ಕಿ ಕಂಡ ಕೂಡಲೇ ಎದ್ದು ಮ್ಯಾನೇಜರನ್ನು ದಬಾಯಿಸಿದೆ ಎನ್ನುತ್ತಿದ್ದೆ. ಹಾಗೆ ಆಗಿರಲಿಲ್ಲ. ನನ್ನ ಹೆಸರು ಕೆಡುತ್ತದೆಂದು ಹೆದರಿ, ಕುಡಿಯಲು ಕೊಟ್ಟ ಕಾಫಿ ಮುಗಿಯುವವರೆಗೂ ಬಾಯಿ ಬಿಡಲಿಲ್ಲ. ಅಷ್ಟು ಹೊತ್ತೂ ಶಿವಣ್ಣ ನಿಂತೇ ಇದ್ದರು.