ಗಿರಣಿಯಮ್ಮನ ಮೋಟಾರು

ಬನಶಂಕರಿಯ ನಮ್ಮ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವರನ್ನು ನಾವೆಲ್ಲ ಗಿರಣಿಯಮ್ಮ ಎನ್ನುತ್ತಿದ್ದೆವು. ಅವರ ಹುಬ್ಬಿನ ಮೇಲೆ ಸದಾ ಹಿಟ್ಟು ಕೂತಿರುತ್ತಿತ್ತು. ಹೊಲ ಬಡಾವಣೆಗೆ ಹೋಗಿ, ಗಂಡನೂ ತೀರಿಕೊಂಡ ಮೇಲೆ ಅವರಿಗೆ ಉಳಿದದ್ದು ಆ ಮೋಟಾರೊಂದೇ. ಯಾರು ತಡವಾಗಿ ಬಂದರೂ "ಕೊಡಿ ಅಕ್ಕ, ಇದೊಂದು ಡಬ್ಬ ಆಗೋಗ್ಲಿ" ಎನ್ನುತ್ತಿದ್ದರು.

ಎಂಬತ್ತರ ದಶಕದ ಆ ದಿನಗಳಲ್ಲಿ ಸಂಜೆಯಾದರೆ ವೋಲ್ಟೇಜು ಇಳಿಯುತ್ತಿತ್ತು. ಮೋಟಾರು ಏದುಸಿರು ಬಿಡುತ್ತ ಹೆಚ್ಚು ಕರೆಂಟು ಎಳೆಯುತ್ತಿತ್ತು. ಅದು ಮಿತಿ ಮೀರಿದೊಡನೆ ಗೋಡೆಯ ಪೆಟ್ಟಿಗೆಯಲ್ಲಿದ್ದ ರಿಲೇ ಟಪ್ಪೆಂದು ಮೋಟಾರನ್ನು ನಿಲ್ಲಿಸುತ್ತಿತ್ತು. ಕಾದು ಬೇಸತ್ತವರು ಜಯನಗರದ ಹೊಸ ಗಿರಣಿಗೆ ಹೋಗತೊಡಗಿದರು.

"ಆ ರಿಲೇ ತೆಗೆದ್ಬಿಡಪ್ಪ," ಎಂದು ಗಿರಣಿಯಮ್ಮ ನನ್ನೆದುರೇ ಮೆಕ್ಯಾನಿಕ್ಕನನ್ನು ಕೇಳಿದರು.

"ತೆಗೆದ್ರೆ ಮೋಟ್ರು ಸುಟ್ಟೋಗ್ತದಮ್ಮ."

"ಮೋಟ್ರು ನಿಂತ್ರೆ ನಾನು ಸುಟ್ಟೋಗ್ತೀನಲ್ಲಪ್ಪ."

ಅವನು ರಿಲೇ ಬಿಚ್ಚಿ ತಂತಿಯನ್ನು ನೇರವಾಗಿ ಜೋಡಿಸಿ ಹೋದ.

ಗೌರಿ ಹಬ್ಬದ ಮುನ್ನಾದಿನ ಚಕ್ಕುಲಿ ಹಿಟ್ಟಿಗೆಂದು ಬಂದವರ ಸಾಲು ಬೀದಿಗೆ ಮುಟ್ಟಿತ್ತು. ಸಂಜೆ ದೀಪಗಳು ಕೆಂಪಗಾದವು. ಮೋಟಾರು ಗೊರಗುಟ್ಟಿತು, ಆದರೆ ನಿಲ್ಲಲಿಲ್ಲ. ಸುಟ್ಟ ವಾಸನೆ ಬಂತು, ಆಮೇಲೆ ಹೊಗೆ. ಗಿರಣಿಯಮ್ಮ ಓಡಿಹೋಗಿ ಕಾದ ಮೋಟಾರನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದರು. ಬಿಡಿಸಿದಾಗ ಅಂಗೈಗಳು ಬೊಬ್ಬೆಯೆದ್ದಿದ್ದವು.

ಗಿರಣಿ ಮತ್ತೆ ತೆರೆಯಲಿಲ್ಲ. ಅವರು ಮನೆಮನೆಯ ಡಬ್ಬಗಳನ್ನು ಹೊತ್ತು ಜಯನಗರದ ಗಿರಣಿಗೆ ಒಯ್ಯುವ ಕೆಲಸ ಹಿಡಿದರು. ಒಮ್ಮೆ ನಾನೂ ಅಲ್ಲಿದ್ದೆ. ಅಲ್ಲಿನ ರಿಲೇ ಟಪ್ಪೆಂದು ಮೋಟಾರನ್ನು ನಿಲ್ಲಿಸಿತು, ಜನ ಗೊಣಗಿದರು.

"ನಿಂತ್ಕೊಳ್ಲಿ ಬಿಡಿ," ಎಂದ ಗಿರಣಿಯಮ್ಮ ಗೋಡೆಗೆ ತಲೆಯಾನಿಸಿದರು. "ಅದಕ್ಕಾದ್ರೂ ನಿಲ್ಲಿಸೋರಿದಾರೆ."