ಸಾಹೇಬರ ಮಾತು ಹಾರ್ಡ್ ಡಿಸ್ಕ್‌ನಲ್ಲಿದೆ

ಹೋದ ತಿಂಗಳು ನಾನೂ ನಮ್ಮಕ್ಕನೂ ಒಂದು ಸರ್ಕಾರಿ ಕಚೇರಿಗೆ ಸಾಕ್ಷಿ ಸಮೇತ ಹೋಗಿದ್ದೆವು. ಸಾಕ್ಷಿ ನನ್ನ ಅಂಗಿಯ ಜೇಬಿನಲ್ಲಿತ್ತು. ಇಸ್ಪೀಟು ಕಟ್ಟಿನಷ್ಟು ಗಾತ್ರ, ಕಪ್ಪು ಬಣ್ಣ, ಜೊತೆಗೊಂದು ಗೇಣುದ್ದದ ವೈರು. ಹಾರ್ಡ್ ಡಿಸ್ಕ್. ಅದರೊಳಗೆ ಆ ಕಚೇರಿಯ ಸಾಹೇಬರೇ ಇದ್ದರು. ಕೋಟು ಹಾಕಿಕೊಂಡು, ನಗುನಗುತ್ತಾ ನಮ್ಮಕ್ಕನಿಗೆ ಮಾತು ಕೊಡುತ್ತಿದ್ದರು.

ಕಚೇರಿಯ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿದರು. ಡಿಸ್ಕ್ ಒಳಗೆ ಒಂದೇ ಒಂದು ಫೈಲೂ ಕಾಣಲಿಲ್ಲ.

ಮೊದಲಿಂದ ಹೇಳುತ್ತೇನೆ. ತಪ್ಪಿನಲ್ಲಿ ನನ್ನ ಪಾಲೂ ಇದೆ. ಅದನ್ನು ಮುಚ್ಚಿಟ್ಟು ಬೇರೆಯವರನ್ನು ಬೈಯುವ ಅಂಕಣ ಬರೆಯಲು ನನಗೆ ಮನಸ್ಸಿಲ್ಲ.

ನಾನು ತರೀಕೆರೆಯಲ್ಲಿ ಗಣಿತ ಮೇಷ್ಟ್ರು. ನಮ್ಮ ಮನೆಯ ಟಿವಿಗೆ ಛತ್ರಿ ಡಿಶ್ ಇದೆ. ಡಬ್ಬ ಹಳೆಯದಾಯಿತೆಂದು ಈ ವರ್ಷದ ಆರಂಭದಲ್ಲಿ ಹೊಸ ಸೆಟ್ ಟಾಪ್ ಬಾಕ್ಸ್ ಹಾಕಿಸಿದೆ. ರೆಕಾರ್ಡಿಂಗ್ ಮಾಡಬಹುದಾದ ಬಾಕ್ಸ್. ಆದರೆ ಅದಕ್ಕೆ ಹೊಟ್ಟೆ ಇಲ್ಲ. ರೆಕಾರ್ಡ್ ಮಾಡಿದ್ದನ್ನು ಇಡಲು ಹೊರಗಿನಿಂದ ಒಂದು ಹಾರ್ಡ್ ಡಿಸ್ಕ್ ನಾವೇ ತಂದು ಹಿಂದುಗಡೆ ಸಿಕ್ಕಿಸಬೇಕು.

ತಂದೆ. ಸಿಕ್ಕಿಸಿದೆ. ‘ಈ ಡಿಸ್ಕ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಫಾರ್ಮ್ಯಾಟ್ ಮಾಡಲೇ?’ ಎಂದು ಟಿವಿ ಕೇಳಿತು. ಹೊಸ ಡಿಸ್ಕ್, ಅಳಿಸಿಹೋಗಲು ಏನಿದೆ? ಓಕೆ ಒತ್ತಿದೆ. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಇನ್ನೂ ಏನೇನೋ ಬರೆದಿತ್ತು. (ಚಿಕ್ಕ ಅಕ್ಷರ ಓದುವವರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ.)

ಆಮೇಲೆ ಶುರುವಾಯಿತು ನನ್ನ ಪ್ರತಾಪ. ಹೆಂಡತಿಯ ಧಾರಾವಾಹಿ, ನನ್ನ ಕ್ರಿಕೆಟ್ಟು, ಯಾರೂ ನೋಡದ ಪ್ರವಾಸದ ಕಾರ್ಯಕ್ರಮ, ಎಲ್ಲವನ್ನೂ ರೆಕಾರ್ಡ್ ಮಾಡಿದೆ. ಅಜ್ಜಂಪುರದಿಂದ ಹೆಂಡತಿಯ ತವರಿನವರು ಬಂದರೆ ಕಾಫಿಗೆ ಮುಂಚೆ ರಿಮೋಟ್ ಹಿಡಿದು ಪ್ರದರ್ಶನ ಕೊಡುತ್ತಿದ್ದೆ. “ಅವರು ಬಂದಿದ್ದು ನಮ್ಮನ್ನ ನೋಡೋಕೆ, ನಿಮ್ಮ ಡಬ್ಬ ನೋಡೋಕಲ್ಲ” ಎಂದು ವಿಮಲಾ ಒಂದೆರಡು ಸಲ ಹೇಳಿದಳು. ಕೇಳಿಸಿಕೊಳ್ಳಲಿಲ್ಲ.

ಇನ್ನು ನಮ್ಮಕ್ಕ. ಹೆಸರು ಗೌರಮ್ಮ, ನನಗೆ ಗೌರಕ್ಕ. ಯಗಟಿಯ ಆಚೆ ಒಂದು ಸಣ್ಣ ಹಳ್ಳಿಯಲ್ಲಿದ್ದಾಳೆ. ಭಾವನಿಗೆ ಮಂಡಿ ನೋವು, ಹೆಚ್ಚು ನಡೆಯಲಾರ. ಮೂವತ್ತೆರಡು ಕುರಿಗಳನ್ನು ಅವಳೇ ನೋಡಿಕೊಳ್ಳುತ್ತಾಳೆ. ಆ ಊರಲ್ಲಿ ಒಂದು ಪಶು ಆಸ್ಪತ್ರೆ ಇದೆ. ಕಟ್ಟಡ ಇದೆ, ಬೋರ್ಡು ಇದೆ, ಬೀಗ ಇದೆ. ಡಾಕ್ಟರ್ ಇಲ್ಲ. ಹದಿನೆಂಟು ಕಿಲೋಮೀಟರ್ ಆಚೆ ಇರುವ ಡಾಕ್ಟರಿಗೇ ಈ ಊರೂ ಸೇರಿ ಮೂರು ಊರು ಇನ್‌ಚಾರ್ಜು. ಆ ಪುಣ್ಯಾತ್ಮ ಎಲ್ಲೆಲ್ಲಿ ಅಂತ ಓಡಿಯಾನು?

ಮಳೆ ಬಿದ್ದು ಎಳೆ ಹುಲ್ಲು ಚಿಗುರಿದಾಗ ಕುರಿಗಳಿಗೆ ಕರುಳುಬೇನೆ ಬರುತ್ತದೆ. ಬೆಳಿಗ್ಗೆ ಚೆನ್ನಾಗಿ ಮೇಯ್ದ ಕುರಿ ಸಂಜೆಗೆ ಕಾಲು ಬಡಿದು ಸಾಯುತ್ತದೆ. ಮಳೆಗೆ ಮುಂಚೆ ಲಸಿಕೆ ಹಾಕಿಸಿದರೆ ಬರುವುದಿಲ್ಲ. ಅಷ್ಟೇ ವಿಷಯ. ದೊಡ್ಡ ವಿಜ್ಞಾನವೇನಲ್ಲ.

ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ರೈತರಿಗಾಗಿ ಫೋನ್ ಇನ್ ಕಾರ್ಯಕ್ರಮವಿತ್ತು. ಉತ್ತರ ಕೊಡಲು ಪಶುಸಂಗೋಪನಾ ಇಲಾಖೆಯ ಸಾಹೇಬರೊಬ್ಬರು ಬರುತ್ತಾರೆಂದು ಹಿಂದಿನ ದಿನವೇ ತೋರಿಸಿದ್ದರು. ನಾನು ಅಕ್ಕನಿಗೆ ಫೋನ್ ಮಾಡಿ, ನೀನು ಕೇಳಲೇಬೇಕು ಎಂದೆ.

“ನಂಗೆ ಟಿವೀಲೆಲ್ಲಾ ಮಾತಾಡಕ್ಕೆ ಬರಲ್ಲ ಕಣೋ.”

“ಕುರಿ ವಿಷಯ ನಿನಗಿಂತ ಚೆನ್ನಾಗಿ ಯಾರು ಮಾತಾಡ್ತಾರೆ? ನಾನು ರೆಕಾರ್ಡ್ ಮಾಡ್ಕೋತೀನಿ. ಸಾಕ್ಷಿ ಇರುತ್ತೆ.”

ನಿಜ ಹೇಳಲೇ? ಕುರಿಯ ಚಿಂತೆ ನನಗೆ ಅರ್ಧ. ಅಕ್ಕನ ದನಿ ಟಿವಿಯಲ್ಲಿ ಬರುವುದನ್ನು ರೆಕಾರ್ಡ್ ಮಾಡುವ ಖುಷಿ ಇನ್ನರ್ಧ.

ಅವಳಿಗೆ ಲೈನ್ ಸಿಕ್ಕೇಬಿಟ್ಟಿತು. ಚೂರೂ ತಡವರಿಸದೆ ಕೇಳಿದಳು. “ಸ್ವಾಮಿ, ನಮ್ಮೂರ ದನಿನ ಆಸ್ಪತ್ರೆಗೆ ಬೀಗ ಹಾಕೈತೆ. ಮಳೆ ಬರೋದ್ರೊಳಗೆ ಕುರಿಗೆ ಸೂಜಿ ಹಾಕ್ಸಬೇಕು. ಯಾರ ಹತ್ರ ಹೋಗ್ಲಿ?”

ಸಾಹೇಬರು ಕ್ಯಾಮೆರಾ ನೋಡಿ ನಕ್ಕರು. “ಅಮ್ಮಾ, ನೀವು ನಿಶ್ಚಿಂತೆಯಾಗಿರಿ. ಇನ್ನೊಂದು ತಿಂಗಳೊಳಗೆ ನಿಮ್ಮೂರಿಗೆ ಡಾಕ್ಟರ್ ಬರ್ತಾರೆ. ಬರೆದಿಟ್ಕೊಳ್ಳಿ.”

ಬರೆದಿಡುವುದೇಕೆ? ನನ್ನ ಡಿಸ್ಕ್‌ನಲ್ಲಿ ಕೆಂಪು ದೀಪ ಮಿನುಗುತ್ತಿತ್ತು.

ತಿಂಗಳು ಕಳೆಯಿತು. ಡಾಕ್ಟರ್ ಬರಲಿಲ್ಲ. ಅಕ್ಕ ಫೋನ್ ಮಾಡಿದಳು. “ಲೇ ಮಂಜ, ಮೋಡ ಕಟ್ತಾ ಐತೆ. ಕುರಿಗಳನ್ನ ಗೂಡ್ಸ್ ಆಟೋಗೆ ತುಂಬ್ಕೊಂಡು ಆ ಇನ್ನೊಬ್ರು ಡಾಕ್ಟ್ರ ಹತ್ರಕ್ಕೇ ಹೋಗಿ ಸೂಜಿ ಹಾಕ್ಸ್ಕೊಂಡು ಬರ್ಲಾ?”

ನಾನು ಏನೆಂದೆ ಗೊತ್ತೆ? “ಯಾಕಕ್ಕ ಅಷ್ಟು ಕಷ್ಟ? ಟಿವಿಯಲ್ಲಿ, ಅಷ್ಟು ಜನರ ಮುಂದೆ ಹೇಳಿದ್ದಾರೆ. ರೆಕಾರ್ಡ್ ಇದೆ ನನ್ನ ಹತ್ತಿರ. ಬರದೆ ಎಲ್ಲಿ ಹೋಗ್ತಾರೆ? ಇನ್ನೊಂದು ವಾರ ಕಾಯಿ.”

ಕಾದಳು. ತಮ್ಮ ಮೇಷ್ಟ್ರು, ಪೇಪರಿನಲ್ಲಿ ಬೇರೆ ಬರೆಯುತ್ತಾನೆ. ಅವನ ಮಾತನ್ನು ನಂಬದೆ ಇನ್ನಾರ ಮಾತನ್ನು ನಂಬಬೇಕು?

ಮಳೆ ಮಾತ್ರ ಹೇಳಿದ ಹೊತ್ತಿಗೆ ಬಂತು. ಹುಲ್ಲು ಚಿಗುರಿತು. ಒಂದೇ ವಾರದಲ್ಲಿ ಹನ್ನೊಂದು ಕುರಿ ಸತ್ತವು. ಸುದ್ದಿ ತಿಳಿದು ನಾನು ಕಡೂರಿನಲ್ಲಿ ಬಸ್ಸು ಬದಲಾಯಿಸಿ ಊರು ಸೇರುವಷ್ಟರಲ್ಲಿ ಅಕ್ಕ ಹೊಲದ ಬದುವಿನಲ್ಲಿ ನಿಂತು ಗುಂಡಿ ತೋಡಿಸಿ, ಸುಣ್ಣ ಸುರಿಸಿ ಮಣ್ಣು ಮುಚ್ಚಿಸಿದ್ದಳು. ಅತ್ತಿರಲಿಲ್ಲ. ಕೈಯಲ್ಲಿ ಸುಣ್ಣ ಹಾಗೇ ಇತ್ತು. “ಉಳಿದಿರೋ ಇಪ್ಪತ್ತೊಂದನ್ನಾದ್ರೂ ಉಳಿಸ್ಕೋಬೇಕು. ಆ ಸಾಹೇಬ್ರನ್ನ ಹೋಗಿ ಕೇಳಾನ, ಬಾ” ಎಂದಳು.

ಹಾಗೆ ನಾವು ಆ ಕಚೇರಿಗೆ ಹೋದದ್ದು. (ಯಾವ ಊರಿನದು ಎಂದು ಬರೆಯುವುದಿಲ್ಲ. ಬರೆದರೆ ಉಳಿದ ಊರುಗಳ ಕಚೇರಿಯವರು ತಾವು ಬೇರೆ ಎಂದುಕೊಳ್ಳುತ್ತಾರೆ.)

ಸಾಹೇಬರು ಒಳ್ಳೆಯ ಮಾತಿನವರು. ಕುರ್ಚಿ ಕೊಟ್ಟರು. ಎಲ್ಲವನ್ನೂ ಕೇಳಿಸಿಕೊಂಡು ತಲೆ ಆಡಿಸಿದರು. “ಒಂದು ತಿಂಗಳು ಅಂತ ನಾನು ಹೇಳಿರಲಾರೆ ಮೇಷ್ಟ್ರೇ. ಪ್ರಯತ್ನ ಮಾಡ್ತೀವಿ ಅಂದಿರ್ತೀನಿ.”

ಈ ಮಾತಿಗೇ ಕಾದಿದ್ದವನಂತೆ ಜೇಬಿನಿಂದ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟೆ. ಸಾಹೇಬರ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ಕಂಪ್ಯೂಟರ್ ಮುಂದೆ ಕೂತಿದ್ದ ಹೆಂಗಸು ಅದನ್ನು ಸಿಕ್ಕಿಸಿದರು, ಕನ್ನಡಕ ಸರಿಮಾಡಿಕೊಂಡು ನೋಡಿದರು. “ಏನೂ ಕಾಣ್ತಿಲ್ಲ ಸಾರ್. ಫಾರ್ಮ್ಯಾಟ್ ಮಾಡಿ ಅಂತಿದೆ.”

“ಮಾಡಿ ನೋಡಿ ಮತ್ತೆ” ಎಂದರು ಸಾಹೇಬರು.

ಆ ತಾಯಿ ಮಾಡಲಿಲ್ಲ. ನನ್ನ ಮುಖ ನೋಡಿ ಮೆಲ್ಲಗೆ ವೈರು ಕಿತ್ತು ಕೈಗೆ ಕೊಟ್ಟರು. ಸಾಹೇಬರ ಮುಖಕ್ಕೆ ಟಿವಿಯ ನಗು ವಾಪಸ್ಸು ಬಂತು.

ಹೊರಗೆ ಬಂದು ಬಾಕ್ಸ್ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಜೇನಿನಂಥ ದನಿಯ ಹುಡುಗಿ. “ಸರ್, ನಮ್ಮ ರೆಕಾರ್ಡಿಂಗ್ ನಿಮ್ಮ ಮನೆಯ ಬಾಕ್ಸ್‌ನಲ್ಲಿ ಮಾತ್ರ ಪ್ಲೇ ಆಗುತ್ತೆ. ಬೇರೆ ಯಾವುದರಲ್ಲೂ ಓಪನ್ ಆಗಲ್ಲ. ಲಾಕ್ ಆಗಿರುತ್ತೆ, ಸುರಕ್ಷತೆಗೋಸ್ಕರ.”

“ಯಾರ ಸುರಕ್ಷತೆಗಮ್ಮ?”

“ಸರ್, ಕಾರ್ಯಕ್ರಮದ ಹಕ್ಕು ನಿಮ್ಮದಾಗಿರಲ್ಲ. ತಿಂಗಳ ಪ್ಯಾಕ್ ನಿಲ್ಲಿಸಿದ್ರೂ ಪ್ಲೇ ಆಗಲ್ಲ ಸರ್. ಇನ್ನೇನಾದರೂ ಸಹಾಯ ಬೇಕಿತ್ತಾ?”

ಬಾಕ್ಸ್ ನನ್ನದು. ಡಿಸ್ಕ್ ನನ್ನದು. ಕರೆಂಟು ನನ್ನದು. ಅದರೊಳಗಿನ ದನಿ ನಮ್ಮಕ್ಕನದು. ಬೀಗದ ಕೈ ಮಾತ್ರ ಇನ್ಯಾರದೋ. ಕಳ್ಳರು ಸಿನಿಮಾ ನಕಲು ಮಾಡದಿರಲೆಂದು ಬೀಗ ಹಾಕಿದ್ದಾರಂತೆ, ಸರಿ. ಆದರೆ ಸರ್ಕಾರ ಜನರಿಗೆ ಕೊಟ್ಟ ಮಾತೂ ಆ ಬೀಗದೊಳಗೇ ಇರಬೇಕೆ? ಅದರ ಹಕ್ಕೂ ಮಾರಾಟವಾಗಿದೆಯೆ?

ಚಾನೆಲ್‌ಗೂ ಫೋನ್ ಮಾಡಿದೆ. ಲೈವ್ ಕಾರ್ಯಕ್ರಮಗಳನ್ನು ಅಷ್ಟು ದಿನ ಇಡುವುದಿಲ್ಲವಂತೆ.

ಬಸ್ ಸ್ಟ್ಯಾಂಡಿನಲ್ಲಿ ಕೂತು ನಾನು ಇದನ್ನೆಲ್ಲ ಅಕ್ಕನಿಗೆ ವಿವರಿಸಿದೆ. ಎನ್‌ಕ್ರಿಪ್ಷನ್ ಎಂದರೇನು ಎಂದೂ ಹೇಳಿದೆ. ಅವಳು ಪೂರ್ತಿ ಕೇಳಿ ಒಂದೇ ಮಾತು ಹೇಳಿದಳು. “ಟಿವೀಲಿ ಬರೋದನ್ನ ಫೋನಲ್ಲಿ ಹಿಡ್ಕೊಂಡ್ರೆ ಆಗಲ್ವೇನೋ?”

ನಾಲ್ಕನೇ ಕ್ಲಾಸು ಓದಿದವಳು. ನಾನು ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೇನೆ.

ಇಬ್ಬರೂ ತರೀಕೆರೆಗೆ ಬಂದೆವು. ಡಿಸ್ಕನ್ನು ಅದರ ಡಬ್ಬಕ್ಕೇ ಸಿಕ್ಕಿಸಿದೆ. ಸಾಧುವಿನಂತೆ ಎಲ್ಲವನ್ನೂ ತೋರಿಸಿತು. ಟಿವಿಯ ಮುಂದೆ ಮೊಬೈಲ್ ಹಿಡಿದು ನಿಂತೆ. ಅಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ತನ್ನ ದನಿಯನ್ನು ಅವಳು ಕೇಳಿದ್ದು ಅದೇ ಮೊದಲು. ಸಾಹೇಬರು ಮಾತು ಶುರುಮಾಡುವ ಮುಂಚೆ ಅವಳು ಎದ್ದು ನಿಂತಳು.

“ತಡಿ. ಹಿಂದಕ್ಕೆ ಬಿಡು.”

ಬಿಟ್ಟೆ. ಅವಳ ಪ್ರಶ್ನೆಯ ಹಿಂದೆ, ದೂರದಲ್ಲಿ, ಒಂದು ಕುರಿ ಅರಚುತ್ತಿತ್ತು. ಅಷ್ಟು ಸಲ ಆ ರೆಕಾರ್ಡಿಂಗನ್ನು ನೆಂಟರಿಗೆ ತೋರಿಸಿದ್ದೇನೆ, ನನ್ನ ಕಿವಿಗೆ ಒಮ್ಮೆಯೂ ಬಿದ್ದಿರಲಿಲ್ಲ.

“ಅದು ಕೆಂದಿ ಕಣೋ” ಎಂದಳು ಅಕ್ಕ. “ನಾನು ಕುರಿ ರೊಪ್ಪದಾಗೆ ನಿಂತ್ಕೊಂಡು ಫೋನ್ ಮಾಡಿದ್ದು. ಅಲ್ಲೇ ಸಿಗ್ನಲ್ ಸಿಗೋದು. ಮೇವು ಹಾಕ್ದೆ ಫೋನ್ ಹಿಡ್ಕೊಂಡಿದೀನಿ ಅಂತ ಬೈತಿತ್ತು.” ಕೆಂದಿ ಸತ್ತ ಹನ್ನೊಂದರಲ್ಲಿ ಒಂದು. ಗುಂಡಿಯ ಬಳಿ ಅಳದವಳು ನಮ್ಮ ಟಿವಿಯ ಮುಂದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವಿಮಲಾ ಬಂದು ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡಳು.

ಎರಡು ದಿನ ಬಿಟ್ಟು ಮತ್ತೆ ಕಚೇರಿ. ಸಾಹೇಬರು ಮೊಬೈಲಿನಲ್ಲಿ ತಮ್ಮನ್ನು ತಾವು ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಇದು ಒರಿಜಿನಲ್ ಅಲ್ವಲ್ಲ ಮೇಷ್ಟ್ರೇ?” ಎಂದರು.

“ಒರಿಜಿನಲ್ ತಂದಿದ್ದೆವು. ನಿಮ್ಮಲ್ಲಿ ಓಪನ್ ಆಗಲಿಲ್ಲ.”

“ಅದಕ್ಕೇ ಹೇಳೋದು. ಈಗೆಲ್ಲಾ ಎಐ ಕಾಲ. ಯಾರ ಬಾಯಲ್ಲಿ ಏನು ಬೇಕಾದ್ರೂ ಹೇಳಿಸಬಹುದು. ನೀವು ಹಾಗೆ ಮಾಡಿದ್ದೀರಿ ಅಂತಲ್ಲ, ಜನರಲ್ ಆಗಿ ಹೇಳ್ದೆ.” ಸ್ವಲ್ಪ ತಡೆದು, “ಇನ್ನು, ಇದೇ ನಿಜ ಅಂದ್ಕೊಂಡ್ರೂ ಡಾಕ್ಟರ್ ‘ಬರ್ತಾರೆ’ ಅಂದಿದ್ದೀನಿ. ‘ಕಳಿಸ್ತೀನಿ’ ಅಂದಿಲ್ಲ, ಗಮನಿಸಿ.”

ಅಕ್ಕ ಫೋನಿನ ಕಡೆ ಬೆರಳು ತೋರಿಸಿದಳು. “ಸ್ವಾಮಿ, ಅದು ನಿಮ್ಮ ಮುಖ ಅಲ್ವಾ?”

ಸಾಹೇಬರು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. “ಒಂದು ಅರ್ಜಿ ಕೊಟ್ಟು ಹೋಗಿ ಅಮ್ಮ. ಮೊಬೈಲ್ ನಂಬರ್ ಬರೆಸಿ. ಮೆಸೇಜ್ ಬರುತ್ತೆ.”

ಕೊಟ್ಟೆವು. ಆ ಕನ್ನಡಕದ ಹೆಂಗಸೇ ಬರೆದುಕೊಂಡರು. ಯಾಕೋ ಅವರು ನಮ್ಮ ಕಡೆ ತಲೆ ಎತ್ತಲಿಲ್ಲ.

ನಾನು ಶಾಲೆಗೆ ವಾಪಸ್ಸಾದೆ. ಉನ್ನತ ಅಧಿಕಾರಿಗಳಿಗೆ ಪತ್ರ ಬರೆಯುವುದು, ಮಾಹಿತಿ ಹಕ್ಕಿನಲ್ಲಿ ಕೇಳುವುದು, ಅಂಕಣದಲ್ಲಿ ಝಾಡಿಸುವುದು, ಹೀಗೆ ಮನಸ್ಸಿನಲ್ಲಿ ಏನೇನೋ ಯೋಜನೆ. ಭಾನುವಾರ ಅಕ್ಕನಿಗೆ ಫೋನ್ ಮಾಡಿ ಅದನ್ನೆಲ್ಲ ಹೇಳತೊಡಗಿದೆ.

“ಇಪ್ಪತ್ತೊಂದಕ್ಕೂ ಸೂಜಿ ಹಾಕ್ಸ್ಕೊಂಡು ಬಂದೆ ಕಣೋ” ಎಂದಳು. “ಆಟೋದಲ್ಲಿ ಎರಡು ಟ್ರಿಪ್ಪು. ಆ ಡಾಕ್ಟ್ರು ಪಾಪ, ಊಟಕ್ಕೂ ಹೋಗ್ದೆ ನಿಂತ್ಕೊಂಡು ಹಾಕಿದ್ರು.”

“ಒಂದು ಮಾತು ಹೇಳಬಾರದಿತ್ತೆ ಅಕ್ಕ? ನಾನೂ ಬರ್ತಿದ್ದೆ.”

“ನಿಂಗೆ ಹೇಳಿದ್ರೆ ಕಾಯಿ ಅಂತಿದ್ದೆ.”

ಕೋಪದಿಂದ ಹೇಳಲಿಲ್ಲ. ಅದೇ ಕಷ್ಟ. ಕೋಪವಿದ್ದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ.

ಸಾಹೇಬರು ಸುಳ್ಳು ಹೇಳಿದರು, ಕಂಪನಿ ಬೀಗ ಹಾಕಿತು, ಇವೆರಡೂ ನಿಜ. ಆದರೆ ಕುರಿ ಸತ್ತದ್ದು ಅದರಿಂದ ಮಾತ್ರ ಅಲ್ಲ. ದಾಖಲೆ ಇದ್ದರೆ ಕೆಲಸ ಆದಂತೆಯೇ ಎಂದು ನಂಬಿದ ಒಬ್ಬ ಓದಿದ ಮೂರ್ಖ ನಡುವೆ ಬಂದ. ಅಕ್ಕ ತಾನೇ ಯೋಚಿಸಿಕೊಂಡ ದಾರಿ ಸರಿಯಾಗಿತ್ತು. ತಡೆದವನು ನಾನು. ರೆಕಾರ್ಡ್ ಮಾಡಿಟ್ಟ ಮಾತು ಲಸಿಕೆಯಾಗುತ್ತದೆಯೆ? ನಾವು ಓದಿದವರೆಲ್ಲ ಈಗ ಮಾಡುತ್ತಿರುವುದು ಅದನ್ನೇ ಅಲ್ಲವೆ? ರಸ್ತೆಯ ಗುಂಡಿಗೆ ಫೋಟೋ, ಬೀದಿಯ ಜಗಳಕ್ಕೆ ವಿಡಿಯೋ, ಮಂತ್ರಿಯ ಭರವಸೆಗೆ ಸ್ಕ್ರೀನ್‌ಶಾಟ್. ಇಟ್ಟುಕೊಂಡಿದ್ದೇವೆ, ಇಟ್ಟುಕೊಂಡಿದ್ದೇವೆ ಎಂಬ ನೆಮ್ಮದಿ. ಯಾರ ಮುಂದೆ ತೆರೆಯುತ್ತೇವೆ? ತೆರೆದರೆ ಯಾರು ನಾಚುತ್ತಾರೆ?

ಮೊನ್ನೆ ಬುಧವಾರ ಶಾಲೆಯಲ್ಲಿದ್ದಾಗ ಅಕ್ಕನ ಫೋನು ಬಂತು. ಅವಳಿಗೆ ಮೆಸೇಜ್ ಬಂದಿತ್ತು. ಊರಿನ ಆಸ್ಪತ್ರೆಗೆ ಇವತ್ತಿಗೂ ಬೀಗವೇ. ಆದರೂ ಮೆಸೇಜ್ ಬಂದಿತ್ತು. ಒಂದೊಂದೇ ಅಕ್ಷರ ಕೂಡಿಸಿ ನನಗೆ ಓದಿ ಹೇಳಿದಳು: “ನಿಮ್ಮ ಅಹವಾಲನ್ನು ವಿಲೇವಾರಿ ಮಾಡಲಾಗಿದೆ. ಧನ್ಯವಾದಗಳು.”

ಆಮೇಲೆ ಕೇಳಿದಳು, “ವಿಲೇವಾರಿ ಅಂದ್ರೆ ಏನೋ ಮಂಜ?”

ನಮ್ಮ ಕಚೇರಿಗಳಲ್ಲಿ ಕಡತಕ್ಕೂ ಅದೇ ಪದ, ಊರ ಕಸಕ್ಕೂ ಅದೇ, ಸತ್ತ ಪ್ರಾಣಿಗೂ ಅದೇ.

ಹನ್ನೊಂದು ಕುರಿಗಳ ಮೇಲೆ ಸುಣ್ಣ ಸುರಿದು ಮಣ್ಣು ಮುಚ್ಚಿಸಿದವಳಿಗೆ ಆ ಪದದ ಅರ್ಥವನ್ನು ನಾನು ಹೇಳಿಕೊಡಬೇಕೆ?